ಪಲ್ಲಾವರಂ ಸಂತೆಯಲ್ಲಿ ನಡೆದ ಪರೀಕ್ಷೆ

ನಾನು ಏನು ಕೆಲಸ ಮಾಡುತ್ತಿದ್ದೆ ಎಂದು ಕೇಳಿದವರಿಗೆ ಹೇಳಿ ಮುಗಿಸುವುದರೊಳಗೆ, "ಓ, ಐಕ್ಯೂ ನೋಡೋರಾ?" ಅನ್ನುತ್ತಾರೆ. ಕೇಳಿ ಕೇಳಿ ಸಾಕಾಗಿದೆ. ಮೊನ್ನೆ ಎಗ್ಮೋರಿನಲ್ಲಿ ಒಂದು ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತಿದ್ದ ಬ್ಯಾಂಕಿನ ನಿವೃತ್ತ ಮ್ಯಾನೇಜರೊಬ್ಬರು ಬಾಯಲ್ಲಿ ಹೋಳಿಗೆ ಇಟ್ಟುಕೊಂಡೇ, "ನಮ್ಮ ಮೊಮ್ಮಗಂದು ಒಂದು ನಂಬರ್ ನೋಡಿ ಹೇಳ್ಬಿಡಿ ಮೇಡಂ, ನಿಮಗೇನು, ಅರ್ಧ ಗಂಟೆ ಕೆಲಸ" ಎಂದರು. ಬೆರಳು ಚುಚ್ಚಿ ಸಕ್ಕರೆ ನೋಡುವ ಹಾಗೆ ಮಗುವಿನ ತಲೆ ಮುಟ್ಟಿ ನಂಬರ್ ಹೇಳಬೇಕಂತೆ! ಮೊದಲು ಹೋಳಿಗೆ ನುಂಗಿ, ಆಮೇಲೆ ಮಾತಾಡೋಣ ಎಂದೆ. ಅವರಿಗೆ ಬೇಜಾರಾಯಿತು. ಆಗಲಿ ಬಿಡಿ.

ತಲೆಗೆ ಪೆಟ್ಟು ಬಿದ್ದ, ಮೆದುಳು ಜ್ವರ ಬಂದು ಹೋದ, ಫಿಟ್ಸ್ ಇರುವ, ಓದು ಹತ್ತದ ಮಕ್ಕಳನ್ನೂ ಹರೆಯದ ಹುಡುಗ ಹುಡುಗಿಯರನ್ನೂ ಎದುರಿಗೆ ಕೂರಿಸಿಕೊಂಡು, ಅವರ ನೆನಪು, ಗಮನ, ಮಾತು, ಮುಂದಾಲೋಚನೆ ಇವೆಲ್ಲ ಎಲ್ಲಿ ಗಟ್ಟಿಯಾಗಿವೆ, ಎಲ್ಲಿ ಸೋರುತ್ತಿವೆ ಎಂದು ಹುಡುಕುವುದು ನನ್ನ ಕೆಲಸವಾಗಿತ್ತು. ಚೆನ್ನೈನ ಒಂದು ದೊಡ್ಡ ಆಸ್ಪತ್ರೆಯಲ್ಲಿ ತಲೆ ನೆರೆಯುವವರೆಗೆ ಅದನ್ನೇ ಮಾಡಿದೆ. ಈಗ ಓದು ಮುಗಿಸಿ ಇದೇ ಕೆಲಸಕ್ಕೆ ಬರುತ್ತಿರುವ ಹುಡುಗಿಯರು ಫೋನು ಮಾಡಿ, "ಮೇಡಂ, ಏನಾದ್ರೂ ಟಿಪ್ಸ್ ಕೊಡಿ" ಅನ್ನುತ್ತಾರೆ. ಟಿಪ್ಸ್ ನನ್ನ ಹತ್ತಿರ ಇಲ್ಲ ತಾಯಿ. ಸಿಟ್ಟಿದೆ, ಬೇಕಾದಷ್ಟಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ನಿಮಗೆ ಬೇಡ.

ಮೊದಲಿಗೆ ಹೊಟ್ಟೆಯ ವಿಷಯ. ಫಿಟ್ಸ್‌ಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದ ಒಂಬತ್ತು ವರ್ಷದ ಹುಡುಗನೊಬ್ಬನನ್ನು ತಾಯಿ ತಾಂಬರಂನಿಂದ ಬೆಳಗಿನ ಎಲೆಕ್ಟ್ರಿಕ್ ಟ್ರೇನಿನಲ್ಲಿ ನಿಲ್ಲಿಸಿಕೊಂಡು ಕರೆತಂದಿದ್ದಳು. ಪರೀಕ್ಷೆ ಎಂದರೆ ರಕ್ತ ಪರೀಕ್ಷೆಯೇ ಇರಬೇಕು ಎಂದುಕೊಂಡು ಒಂದು ತುತ್ತೂ ತಿನ್ನಿಸಿರಲಿಲ್ಲ. ಮಾತ್ರೆ ಮಾತ್ರ ನುಂಗಿಸಿದ್ದಳು. ಮಗು ಕೂತಲ್ಲೇ ತೂಗುತ್ತಿತ್ತು. ನಮ್ಮ ವಿಭಾಗದ ಹೊಸ ಹುಡುಗ ಸ್ಟಾಪ್‌ವಾಚ್ ಹಿಡಿದು, ಮರದ ತುಂಡುಗಳನ್ನು ಜೋಡಿಸು ಎಂದು ಮಗುವಿಗೆ ಹೇಳಿ, ಹೊತ್ತು ಮೀರಿತು ಎಂದು ಸೊನ್ನೆ ಹಾಕುತ್ತಾ ಹೋಗುತ್ತಿದ್ದ. "ಏನಪ್ಪಾ, ಮಗು ತಿಂಡಿ ತಿಂದಿದೆಯಾ ಅಂತ ಕೇಳಿದೆಯಾ?" ಎಂದೆ. "ಅದು ಮ್ಯಾನ್ಯುಯಲ್‌ನಲ್ಲಿ ಇಲ್ಲ ಮೇಡಂ" ಎಂದ! ಇಡ್ಲಿ ತರಿಸಿ ತಿನ್ನಿಸಿ, ಬೆಂಚಿನ ಮೇಲೆ ಮಲಗಿಸಿ, ಮಧ್ಯಾಹ್ನ ಎಬ್ಬಿಸಿ ಕೂರಿಸಿದ ಮೇಲೆ ಅದೇ ಮಗು ಅದೇ ತುಂಡುಗಳನ್ನು ಚಕಚಕ ಜೋಡಿಸಿತು. ಬೆಳಗಿನ ಸೊನ್ನೆಗಳೇ ವರದಿಯಾಗಿ ಹೋಗಿದ್ದರೆ ಆ ಮಗುವಿನ ಗತಿ ಏನಾಗುತ್ತಿತ್ತು ಎಂದು ಯೋಚಿಸಿದರೆ ಈಗಲೂ ಮೈ ಉರಿಯುತ್ತದೆ.

ಆಮೇಲೆ ಭಾಷೆ. ಚೆನ್ನೈನ ಕನ್ನಡದ ಮಕ್ಕಳ ಪಾಡು ನನಗೆ ಚೆನ್ನಾಗಿ ಗೊತ್ತು. ನಾನೇ ರೈಲ್ವೆ ಗುಮಾಸ್ತರ ಮಗಳಾಗಿ ಇಲ್ಲಿ ಬೆಳೆದವಳು. ಉಡುಪಿ ಕಡೆಯ ಅಡುಗೆಯವರೊಬ್ಬರ ಏಳು ವರ್ಷದ ಮಗಳನ್ನು 'ಬುದ್ಧಿ ಮಂದ, ಬೇರೆ ಶಾಲೆಗೆ ಸೇರಿಸಿ' ಎಂದು ಶಾಲೆಯವರು ನಮ್ಮಲ್ಲಿಗೆ ಅಟ್ಟಿದ್ದರು. ಆ ಮಗುವಿಗೆ ಅಡುಗೆಮನೆಯ ಶಬ್ದಗಳೆಲ್ಲ ಕನ್ನಡದಲ್ಲಿ, ಆಟದ ಶಬ್ದಗಳೆಲ್ಲ ತಮಿಳಿನಲ್ಲಿ, ಪಾಠದ ಶಬ್ದಗಳೆಲ್ಲ ಇಂಗ್ಲಿಷಿನಲ್ಲಿ. ನಮ್ಮ ಪರೀಕ್ಷೆಯ ಪುಸ್ತಕ ಒಂದೇ ಭಾಷೆಯಲ್ಲಿ ಕೇಳು, ಅದೇ ಭಾಷೆಯ ಉತ್ತರಕ್ಕೆ ಅಂಕ ಕೊಡು ಅನ್ನುತ್ತದೆ. ಹಾಗೆ ಕೇಳಿದರೆ ಮೂರರಲ್ಲೂ ಮಗು ದಡ್ಡಿ. ಮೂರನ್ನೂ ಕೂಡಿಸಿ ನೋಡಿದರೆ ಅವಳ ವಯಸ್ಸಿನ ಯಾವ ಮಗುವಿಗೂ ಕಡಿಮೆಯಿಲ್ಲದ ಮಾತಿನ ಭಂಡಾರ. ಶಾಲೆಗೆ ನಾನೇ ಹೋಗಿ ಜಗಳವಾಡಿ ಬಂದೆ. ಹತ್ತನೇ ಕ್ಲಾಸಿನ ಫಲಿತಾಂಶ ಕೆಡಬಾರದು ಎಂದು ಎರಡನೇ ಕ್ಲಾಸಿನಲ್ಲೇ ಮಕ್ಕಳನ್ನು ಜರಡಿ ಹಿಡಿಯುವ ಜನ ಇವರು. ನಮ್ಮ ನಂಬರೇ ಇವರ ಜರಡಿ.

ಇಲ್ಲಿ ನಮ್ಮ ಚೀಫ್ ಬಗ್ಗೆ ಹೇಳಬೇಕು. ವಿಭಾಗದ ಮುಖ್ಯಸ್ಥರು, ನಾವೆಲ್ಲ ಚೀಫ್ ಎಂದೇ ಕರೆಯುತ್ತಿದ್ದೆವು. ಕೆಟ್ಟವರಲ್ಲ. ದೀಪಾವಳಿಗೆ ಎಲ್ಲರಿಗೂ ಸ್ವೀಟು ಕೊಡುವವರು. ಆದರೆ ಅವರಿಗೆ ನಂಬರ್ ಇಲ್ಲದ ವಾಕ್ಯ ಕಣ್ಣಿಗೇ ಕಾಣುತ್ತಿರಲಿಲ್ಲ. ಮೂರು ಪುಟದ ವರದಿ ಬರೆದು ಕೊಟ್ಟರೆ ನೇರವಾಗಿ ಕೊನೆಯ ಪುಟಕ್ಕೆ ಹೋಗಿ ಅಂಕಿಯ ಕೆಳಗೆ ಗೆರೆ ಎಳೆದು ಸಹಿ ಹಾಕುತ್ತಿದ್ದರು. ಮಿಕ್ಕಿದ್ದನ್ನು ಯಾರು ಓದಬೇಕು ಸರ್ ಎಂದರೆ, "ನೀಂಗ ದಾನ್ ಪಡಿಚಿಟ್ಟೀಂಗಳೇ" ಎಂದು ನಗುತ್ತಿದ್ದರು. ನೀವೇ ಓದಿದಿರಲ್ಲ, ಸಾಕು ಎಂದು.

ಪ್ರಣತಿ ಬಂದದ್ದು ನಾನು ನಿವೃತ್ತಿಯಾಗುವ ಮುಂಚಿನ ವರ್ಷಗಳಲ್ಲಿ. ಹದಿನೆಂಟರ ಹುಡುಗಿ, ಬಿಕಾಂ ಮೊದಲ ವರ್ಷ. ತಂದೆ ವಾದಿರಾಜ ಐತಾಳರು, ಕುಂದಾಪುರದ ಕಡೆಯವರು, ಎಗ್ಮೋರಿನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮ್ಯಾನೇಜರು. ಪ್ಲಸ್ ಟೂನಲ್ಲಿ ತರಗತಿಗೇ ಮೊದಲು ಬಂದಿದ್ದ ಹುಡುಗಿ ಅವಳು. ಕಾಲೇಜು ಸೇರುವ ಮುಂಚೆ ತಾಂಬರಂನಲ್ಲಿ ಅಕ್ಕನ ಸ್ಕೂಟರಿನ ಹಿಂದೆ ಕೂತು ಹೋಗುವಾಗ ಬಿದ್ದು, ಹಣೆ ಹೊಡೆದುಕೊಂಡು, ಒಂದು ದಿನ ಪ್ರಜ್ಞೆ ಇರಲಿಲ್ಲ. ಆಮೇಲೆ ಎದ್ದಳು, ನಡೆದಳು, ಮಾತಾಡಿದಳು. ಸ್ಕ್ಯಾನ್ ನೋಡಿ ಎಲ್ಲ ಸರಿಯಾಗಿದೆ ಎಂದರು. ಮನೆಯವರು ದೇವರಿಗೆ ಹರಕೆ ತೀರಿಸಿದರು.

ಕಾಲೇಜಿನಲ್ಲಿ ಶುರುವಾಯಿತು. ಪಾಠದ ನಡುವೆ ಎದ್ದು ಹೊರಗೆ ಹೋಗುವುದು, ಪಕ್ಕದವಳ ಡಬ್ಬಿ ತೆಗೆದು ತಿನ್ನುವುದು, ಕೊಟ್ಟ ಬರವಣಿಗೆ ಒಂದನ್ನೂ ಮುಗಿಸದೆ ಇರುವುದು. ಪ್ರಾಂಶುಪಾಲರ ಎದುರಿಗೇ ನಿಂತು, "ಮೇಡಂ, ಈ ಸೀರೆ ನಿಮಗೆ ಸ್ವಲ್ಪವೂ ಚೆನ್ನಾಗಿಲ್ಲ" ಎಂದದ್ದೂ ಆಯಿತು. ಕಾಲೇಜಿನವರು ಶಿಸ್ತಿನ ಸಮಿತಿ ಕೂರಿಸಿದರು. ತಲೆಗೆ ಪೆಟ್ಟಾಗಿತ್ತು ಎಂದು ಐತಾಳರು ಹೇಳಿದ್ದಕ್ಕೆ, ಆಸ್ಪತ್ರೆಯಿಂದ ಬರೆಸಿಕೊಂಡು ಬನ್ನಿ ಎಂದರು. ನಮ್ಮ ವಿಭಾಗದವರೇ ಪರೀಕ್ಷೆ ಮಾಡಿದರು. ಬುದ್ಧಿ ಸರಾಸರಿಗಿಂತ ಮೇಲು, ನೆನಪು ಉತ್ತಮ, ಎಲ್ಲ ನಾರ್ಮಲ್ ಎಂದು ಬರೆದರು, ಚೀಫ್ ಸಹಿ ಹಾಕಿದರು. ಆ ವರದಿಯೇ ಅವಳ ಕೊರಳಿಗೆ ಉರುಳಾಯಿತು. ಬುದ್ಧಿ ಸರಿ ಇದೆಯೆಂದರೆ ಇದೆಲ್ಲ ಬೇಕೆಂದೇ ಮಾಡುವುದು ಎಂದಾಯಿತಲ್ಲ! ಇನ್ನೊಂದು ಸಲ ಸಮಿತಿ ಕೂತು ಹೆಸರು ಹೊಡೆದು ಹಾಕುವುದೊಂದೇ ಬಾಕಿ ಇತ್ತು.

ಐತಾಳರು ಅವಳನ್ನು ಕರೆದುಕೊಂಡು ನನ್ನ ಹತ್ತಿರ ಬಂದರು, ಕನ್ನಡದವಳು ಎಂದು.

"ಇವ್ಳಿಗೆ ಎಂತದೂ ಆಗ್ಲಿಲ್ಲ ಮೇಡಂ. ಇದು ಸೊಕ್ಕು. ಸೊಕ್ಕಲ್ದೆ ಬೇರೆಂತ ಇಲ್ಲ. ನೀವು ಒಂದು ಚೂರು ಬೈದು ಬುದ್ಧಿ ಹೇಳಿ. ಕಾಲೇಜಿಂದ ತೆಗ್ದು ಹಾಕಿದ್ರೆ ನಾನು ಊರಿಗೆ ಕಳಿಸ್ತೆ, ಒಂದು ಗಂಡು ನೋಡಿ ಮದುವೆ ಮಾಡಿ ಕೈ ತೊಳ್ಕೊಳ್ತೆ."

ಹುಡುಗಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. "ಅಪ್ಪಾ ಸುಮ್ಮಾ ಟೆನ್ಷನ್ ಆಗರಾರ್ ಆಂಟಿ" ಎಂದು ನಕ್ಕಳು, ಅಪ್ಪ ಸುಮ್ಮನೆ ತಲೆ ಕೆಡಿಸಿಕೊಳ್ಳುತ್ತಾರೆ ಎಂದು. ಒಲೆಯ ಮೇಲೆ ಹಾಲಿಟ್ಟು ಮುಂಬಾಗಿಲಿಗೆ ಹೋಗಿ ನಿಲ್ಲುತ್ತಾಳೆ ಎಂದು ಅಪ್ಪನೇ ದೂರಿದ ಹುಡುಗಿ ಇವಳು. ಇವಳನ್ನು ಗುರುತಿಲ್ಲದ ಮನೆಗೆ ಸೊಸೆಯಾಗಿ ಕಳಿಸಿದರೆ ಏನಾಗುತ್ತದೆ ಎಂದು ಯಾರಾದರೂ ಯೋಚಿಸಿದ್ದರೇ? ಕಾಲೇಜು ಹೋದರೆ ಅವಳ ಬದುಕೇ ಹೋದ ಹಾಗೆ.

ನಾನೂ ಮೊದಲಿಂದ ಪರೀಕ್ಷೆ ಮಾಡಿದೆ. ಏನು ಹೇಳಲಿ, ಅದೇ ಫಲಿತಾಂಶ! ನಮ್ಮವರು ಒಂದು ಅಂಕವನ್ನೂ ತಪ್ಪಾಗಿ ಹಾಕಿರಲಿಲ್ಲ. ಕೊಟ್ಟದ್ದನ್ನೆಲ್ಲ ಚೆನ್ನಾಗಿ ಮಾಡಿದಳು. ನಡುವೆ ನನಗೆ ಫೋನು ಬಂತು. ಒಂದು ಹಾಳೆಯ ಲೆಕ್ಕಗಳನ್ನು ಕೊಟ್ಟು, ಮಾಡುತ್ತಿರು ಎಂದು ಹೇಳಿ ಹೊರಗೆ ಹೋದೆ. ಬಂದು ನೋಡಿದರೆ ಒಂದು ಲೆಕ್ಕವೂ ಮುಂದಕ್ಕೆ ಹೋಗಿಲ್ಲ. ಪ್ರಣತಿ ನನ್ನ ಫ್ಲಾಸ್ಕು ತೆಗೆದು ನನ್ನ ಕಾಫಿ ಕುಡಿಯುತ್ತಿದ್ದಾಳೆ.

"ನಲ್ಲಾ ಇರುಕ್ಕು ಆಂಟಿ. ಸಕ್ಕರೆ ದಾನ್ ಕೊಂಜಂ ಜಾಸ್ತಿ" ಎಂದಳು, ಚೆನ್ನಾಗಿದೆ, ಸಕ್ಕರೆ ಮಾತ್ರ ಸ್ವಲ್ಪ ಹೆಚ್ಚಾಯಿತು ಎಂದು.

ನಾನು ಕುರ್ಚಿಯಲ್ಲಿ ಕೂತೆ. ಅವಳು ಪೆನ್ಸಿಲ್ ಎತ್ತಿಕೊಂಡು ಲೆಕ್ಕ ಮುಂದುವರಿಸಿದಳು. ಆಗ ಗೊತ್ತಾಯಿತು. ಹಣೆಯ ಹಿಂದಿನ ಮೆದುಳಿನ ಭಾಗದ ಕೆಲಸವೇ ಇದು: ಈಗ ಶುರು ಮಾಡು, ಸಾಕು ನಿಲ್ಲಿಸು, ಇನ್ನೊಂದಕ್ಕೆ ಹೋಗು ಎಂದು ಒಳಗಿನಿಂದ ಹೇಳುತ್ತಿರುವುದು. ಅವಳಲ್ಲಿ ಪೆಟ್ಟು ಬಿದ್ದದ್ದು ಅಲ್ಲಿಗೇ. ಆದರೆ ನಮ್ಮ ಪರೀಕ್ಷೆಯ ಕೋಣೆಯಲ್ಲಿ ಆ ಕೆಲಸವನ್ನೆಲ್ಲ ನಾವೇ ಮಾಡುತ್ತೇವೆ. ಸದ್ದಿಲ್ಲದ ಕೋಣೆ, ಖಾಲಿ ಮೇಜು, ಒಂದು ಸಲಕ್ಕೆ ಒಂದೇ ಕೆಲಸ, ಎದುರಿಗೆ ಕೂತು 'ಶುರು ಮಾಡು', 'ಆಯಿತು, ಮುಂದೆ' ಎನ್ನುವ ಒಬ್ಬಳು ಮೇಡಂ. ಮಗುವಿನಲ್ಲಿ ಯಾವುದು ಕೆಟ್ಟಿದೆಯೋ ಅದನ್ನು ನಾವು ಎರವಲು ಕೊಟ್ಟು, ಆಮೇಲೆ ಎಲ್ಲ ನಾರ್ಮಲ್ ಎಂದು ಬರೆಯುತ್ತೇವೆ! ನಮ್ಮ ವೃತ್ತಿಯವರನ್ನು ಬಿಟ್ಟು ಬೇರೆ ಯಾರೂ ಇಂಥ ತಪ್ಪು ಮಾಡಲಾರರು. ಬೇರೆಯವರ್ಯಾರಿಗೂ ಇಷ್ಟು ಅಚ್ಚುಕಟ್ಟಾದ ಕೋಣೆ ಇರುವುದಿಲ್ಲ.

ಶುಕ್ರವಾರ ಅವಳನ್ನೂ ಐತಾಳರನ್ನೂ ಪಲ್ಲಾವರಂ ಸಂತೆಗೆ ಬರಹೇಳಿದೆ. ನೋಡಿದವರಿಗೆ ಗೊತ್ತು, ಅಲ್ಲಿ ಸಿಗದ ವಸ್ತುವಿಲ್ಲ: ಹಳೇ ಟಿವಿ, ಗಿಡ, ಮೀನು, ಗಿಳಿ, ಕುಕ್ಕರ್ ಮುಚ್ಚಳ, ಜೊತೆಗೆ ಜಾತ್ರೆಯಷ್ಟು ಗದ್ದಲ. ಪ್ರಣತಿಗೆ ನಾಲ್ಕು ಕೆಲಸ ಹೇಳಿದೆ. ಒಂದು ಮಲ್ಲಿಗೆ ಗಿಡ ಕೊಳ್ಳಬೇಕು, ಸೂಜಿ ದಾರ ಕೊಳ್ಳಬೇಕು, ಹಳೇ ಟೇಬಲ್ ಫ್ಯಾನಿನ ಬೆಲೆ ಬರೇ ಕೇಳಿ ಬರಬೇಕು, ಹನ್ನೊಂದು ಗಂಟೆಗೆ ಟೀ ಅಂಗಡಿಯ ಮುಂದೆ ಇರಬೇಕು. ನಾಲ್ಕನ್ನೂ ಗಿಳಿಪಾಠದಂತೆ ಒಪ್ಪಿಸಿದಳು. ಐತಾಳರಿಗೆ, ನಾವು ಹಿಂದೆ ನಡೆಯೋಣ, ನೀವು ಬಾಯಿ ಬಿಡಕೂಡದು ಎಂದೆ.

ಹತ್ತು ಹೆಜ್ಜೆ ಹೋಗುವುದರೊಳಗೆ ಮೀನಿನ ತೊಟ್ಟಿಯ ಮುಂದೆ ಕೂತಳು. ಅಲ್ಲಿಂದ ಗಿಳಿ ಪಂಜರ. ಅಲ್ಲಿಂದ ಯಾರೋ ಮುದುಕ ಚೌಕಾಸಿ ಮಾಡುತ್ತಿದ್ದ ರೇಡಿಯೋ ತೆಗೆದುಕೊಂಡು ತಾನೇ ತಿರುಗಿಸಿ, ಬೈಸಿಕೊಂಡಳು. ಮಲ್ಲಿಗೆ ಗಿಡಗಳ ಸಾಲಿನ ಪಕ್ಕದಲ್ಲೇ ನಡೆದು ಹೋದಳು, ಮುಟ್ಟಲಿಲ್ಲ. ಫ್ಯಾನಿನ ಅಂಗಡಿಯಲ್ಲಿ ನಿಂತು ಇಸ್ತ್ರಿಪೆಟ್ಟಿಗೆಯ ಬೆಲೆ ಕೇಳಿದಳು. ಹನ್ನೊಂದು ಹೊಡೆದು ಎಷ್ಟೋ ಹೊತ್ತಾದ ಮೇಲೆ ನಾವೇ ಹೋಗಿ ಕರೆತಂದೆವು. ಕೈಯಲ್ಲಿ ಏನೂ ಇರಲಿಲ್ಲ.

"ಏನೇನು ಮಾಡಬೇಕಿತ್ತು ಪ್ರಣತಿ?"

ನಾಲ್ಕನ್ನೂ ಒಂದು ಅಕ್ಷರ ಬಿಡದೆ ಹೇಳಿದಳು.

ಐತಾಳರು ಅಷ್ಟು ಜನರ ನಡುವೆ ಕಿರುಚಿಕೊಂಡರು. "ನೋಡಿ, ನೋಡಿ! ಗೊತ್ತಿದ್ದೂ ಮಾಡ್ಲಿಲ್ಲ! ನಾನು ಹೇಳಿದ್ದು ಇದೇ ಅಲ್ದಾ ಮಾರಾಯ್ರೆ? ಮರ್ತಿದ್ರೆ ಬೇರೆ ಮಾತು. ಗೊತ್ತಿದ್ದೂ ಮಾಡ್ದಿದ್ರೆ ಅದಕ್ಕೆ ಸೊಕ್ಕು ಅನ್ನದೆ ಎಂತ ಹೇಳುದು?"

"ಸುಮ್ಮನಿರಿ ಐತಾಳರೇ. ಈಗ ನೋಡಿ" ಎಂದೆ. ಪ್ರಣತಿಯ ಪಕ್ಕದಲ್ಲಿ ನಾನು ನಡೆದೆ. ದಾರಿ ತೋರಿಸಲಿಲ್ಲ, ನೆನಪು ಮಾಡಲಿಲ್ಲ. ಅವಳು ಎಲ್ಲಾದರೂ ನಿಂತರೆ "ಮುಂದೆ?" ಎಂದೆ, ಅಷ್ಟೇ. ಗಿಡ ಬಂತು. "ಮುಂದೆ?" ಸೂಜಿ ದಾರ ಬಂತು. "ಮುಂದೆ?" ಫ್ಯಾನಿನ ಬೆಲೆ ಕೇಳಿ, ಅವನು ಹೇಳಿದ್ದು ಜಾಸ್ತಿ ಎಂದು ಜಗಳವಾಡಿಯೂ ಬಂದಳು. ಟೀ ಅಂಗಡಿಗೆ ಬರುವಾಗ ಐತಾಳರ ಮುಖ ನೋಡಬೇಕಿತ್ತು.

"ಸೊಕ್ಕಿನವಳಾಗಿದ್ದರೆ ನನ್ನ ಒಂದು ಮಾತಿಗೆ ಇಷ್ಟೆಲ್ಲ ಮಾಡುತ್ತಿದ್ದಳೇ? ನಿಮ್ಮ ಮಗಳಿಗೆ ಗೊತ್ತಿರುವುದಕ್ಕೂ ಮಾಡುವುದಕ್ಕೂ ನಡುವಿನ ಸೇತುವೆ ಮುರಿದಿದೆ ಐತಾಳರೇ. ಕಾಲು ಮುರಿದಿದ್ದರೆ ಹೊಡೆಯುತ್ತಿದ್ದಿರಾ?"

ಅವರು ಟೀ ಲೋಟ ಕೆಳಗಿಟ್ಟು, ಮಗಳ ಕೈಯಲ್ಲಿದ್ದ ಗಿಡವನ್ನು ತಾವು ತೆಗೆದುಕೊಂಡರು. ಎಷ್ಟು ಸಲ ಹೊಡೆದಿದ್ದರೋ, ನಾನು ಕೇಳಲಿಲ್ಲ.

ಸಂತೆಯಲ್ಲಿ ಕಂಡದ್ದನ್ನೆಲ್ಲ ವಿವರವಾಗಿ ಬರೆದು, ಇವಳಿಗೆ ಕಾಲೇಜಿನಲ್ಲಿ ಏನು ಬೇಕು ಎಂಬುದನ್ನೂ ಬರೆದೆ. ಹೆಚ್ಚೇನೂ ಅಲ್ಲ. ಕೆಲಸವನ್ನು ಸಣ್ಣ ಸಣ್ಣದಾಗಿ ಕೊಡಿ, ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಮುಗಿದಾಗ 'ಮುಂದೆ' ಎನ್ನಲು ಒಬ್ಬರನ್ನು ಕೂರಿಸಿ. ವರದಿ ತೆಗೆದುಕೊಂಡು ಚೀಫ್ ಹತ್ತಿರ ಹೋದೆ. ಅಂಕಿ ಹುಡುಕುತ್ತಾ ಕಣ್ಣಾಡಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕರು.

"ಏಮ್ಮಾ, ಪಲ್ಲಾವರಂ ಸಂದೈಕ್ಕು ನಾರ್ಮ್ಸ್ ಎಂಗಮ್ಮಾ ಇರುಕ್ಕು?"

ಸಂತೆಗೆ ನಾರ್ಮ್ಸ್ ಎಲ್ಲಿದೆ ಎಂದು! ನಾರ್ಮ್ಸ್ ಎಂದರೆ, ಬಹಳ ಜನ ಮಕ್ಕಳಿಗೆ ಅದೇ ಪರೀಕ್ಷೆ ಮಾಡಿ ತೆಗೆದ ಸರಾಸರಿಯ ಪಟ್ಟಿ. ಯಾವುದೋ ದೇಶದ ಮಕ್ಕಳ ಸರಾಸರಿಯನ್ನು ನಮ್ಮ ಮಕ್ಕಳ ತಲೆಗೆ ಕಟ್ಟುವಾಗ ಈ ಪ್ರಶ್ನೆ ಅವರಿಗೆ ಹೊಳೆದಿರಲಿಲ್ಲ. "ಸರ್, ಮಲ್ಲಿಗೆ ಗಿಡ ಕೊಳ್ಳುವುದಕ್ಕೆ ನಾರ್ಮ್ಸ್ ಯಾಕೆ? ಸಂತೆಯಲ್ಲಿರುವ ಅಷ್ಟೂ ಜನ ಅದನ್ನೇ ಮಾಡುತ್ತಿದ್ದರಲ್ಲ" ಎಂದೆ. ಅವರು ಸಹಿ ಹಾಕಲಿಲ್ಲ. ನನ್ನ ಸಹಿ ಮಾತ್ರ ಹಾಕಿ ಕಾಲೇಜಿಗೆ ಕಳಿಸಿದೆ, ಸಮಿತಿ ಕೂತ ದಿನ ನಾನೇ ಹೋದೆ.

ಪ್ರಾಂಶುಪಾಲರು, ಇಬ್ಬರು ಅಧ್ಯಾಪಕಿಯರು ಒಂದು ಕಡೆ. ಐತಾಳರು, ಪ್ರಣತಿ, ನಾನು ಇನ್ನೊಂದು ಕಡೆ. ನನ್ನ ವರದಿಯನ್ನು ಪ್ರಾಂಶುಪಾಲರು ತಿರುಗಿಸಿ ತಿರುಗಿಸಿ ನೋಡಿದರು. "ಇದರಲ್ಲಿ ಸ್ಕೋರ್ ಎಲ್ಲಿದೆ? ನಿಮ್ಮ ಆಸ್ಪತ್ರೆಯ ಮೊದಲನೇ ವರದಿಯಲ್ಲಿ ನಾರ್ಮಲ್ ಎಂದಿದೆ. ನಾರ್ಮಲ್ ಹುಡುಗಿಗೆ ಪಕ್ಕದಲ್ಲಿ ಆಯಾ ಕೂರಿಸಲು ನಮ್ಮಲ್ಲಿ ನಿಯಮವಿಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ನಾನು ವಿವರಿಸಿದೆ. ಗಂಟಲು ಒಣಗುವವರೆಗೆ ವಿವರಿಸಿದೆ. ಅವರು ಕೊನೆಗೆ, ಬಹಳ ದಯೆಯಿಂದಲೇ ಎಂಬಂತೆ, ಒಂದು ದಾರಿ ಹೇಳಿದರು. ಬುದ್ಧಿಮಾಂದ್ಯ ಎಂದು ಬರುವಷ್ಟು ಕಡಿಮೆ ನಂಬರಿನ ವರದಿ ಇದ್ದರೆ ರಿಯಾಯಿತಿ ತಾನಾಗಿ ಸಿಗುತ್ತದೆ, ಸಮಿತಿಯೂ ಕೈಬಿಡುತ್ತದೆ. ಅಲ್ಲೇ ನಮ್ಮ ಚೀಫ್‌ಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು.

"ಅದಕ್ಕೆನ್ನ ಮೇಡಂ, ಅಡ್ಜಸ್ಟ್ ಪಣ್ಣಿಡಲಾಂ" ಎಂದಿತು ಚೀಫ್ ಧ್ವನಿ. ಅದಕ್ಕೇನಂತೆ, ಹೊಂದಿಸಿಬಿಡೋಣ ಎಂದು. "ನಂಬರ್ ಕೊಂಜಂ ಕೊರೈಚ್ಚು ಪೋಟ್ಟಾ ಪೋಚು." ನಂಬರನ್ನು ಸ್ವಲ್ಪ ಇಳಿಸಿ ಹಾಕಿದರೆ ಮುಗಿಯಿತು.

ಥೂ! ನಾನು ಕಣ್ಣಾರೆ ಕಂಡ ನಿಜಕ್ಕೆ ನಾರ್ಮ್ಸ್ ಇಲ್ಲವೆಂದು ಸಹಿ ಹಾಕದ ಮನುಷ್ಯ, ಸುಳ್ಳಿಗೆ ಫೋನಿನಲ್ಲೇ ಸಹಿ ಹಾಕಲು ತಯಾರು. ಸುಳ್ಳಾದರೂ ಅದರಲ್ಲಿ ನಂಬರ್ ಇದೆಯಲ್ಲ! ನಾನು ಬರೆಯುವುದಿಲ್ಲ ಎಂದು ಬಾಯಿ ತೆರೆಯುವಷ್ಟರಲ್ಲಿ ಐತಾಳರು ನನ್ನ ಕಡೆ ತಿರುಗಿ ಕೈ ಮುಗಿದರು.

"ಬರ್ದು ಬಿಡಿ ಮೇಡಂ. ಸುಳ್ಳಾದ್ರೂ ಆಗ್ಲಿ. ಹುಡುಗಿ ಕ್ಲಾಸಲ್ಲಿ ಕೂತ್ಕೊಳ್ಳಿ. ನಾನು ಎಷ್ಟು ಹೊಡ್ದೆ ಅಂತ ನಿಮ್ಗೆ ಗೊತ್ತಿಲ್ಲ. ನಿಮ್ಮ ಕಾಲಿಗೆ ಬೀಳ್ತೆ."

ಅವರನ್ನು ನೋಡಿ ನನ್ನ ಗಟ್ಟಿತನ ಅಲ್ಲಾಡಿತು. ಬರೆದುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿದ್ದು ನಿಜ. ಆಗ ಪ್ರಣತಿ ಮಾತಾಡಿದಳು. ಅದುವರೆಗೆ ಕಿಟಕಿಯಲ್ಲಿ ಕಾಗೆ ನೋಡುತ್ತಿದ್ದವಳು. ಅಪ್ಪನಿಗೆ ಸರಿಯಾಗಿ ಅರ್ಥವಾಗಬೇಕು ಎಂದೋ ಏನೋ, ಕನ್ನಡದಲ್ಲೇ, ತಡೆದು ತಡೆದು ಹೇಳಿದಳು.

"ನಂಬರ್ ಕಮ್ಮಿ ಮಾಡ್ಬೇಡಿ ಆಂಟಿ. ಅಪ್ಪಾ, ಬೇಡ. ನನ್ನ ಫ್ರೆಂಡ್ಸ್ ಎಲ್ಲಾ ಹೋದ್ರು. ನಾನು ಏನು ಮಾಡ್ತೀನಿ ಅಂತ ನಂಗೇ ಗೊತ್ತಾಗಲ್ಲ. ಮೊದ್ಲಿನ ನಾನು ಅಂತ ಉಳಿದಿರೋದು ಅದೊಂದೇ."

ಐತಾಳರು ಮುಖ ಒರೆಸಿಕೊಂಡು ಎದ್ದು ನಿಂತರು. ಎಂದೂ ಗಟ್ಟಿಯಾಗಿ ಇಂಗ್ಲಿಷ್ ಆಡದ ಮನುಷ್ಯ, "ಗಿವ್ ಟಿ.ಸಿ., ಮೇಡಂ" ಎಂದರು. ಆಮೇಲೆ ಕನ್ನಡದಲ್ಲಿ, ಪ್ರಾಂಶುಪಾಲರಿಗೆ ತಿಳಿಯುತ್ತದೋ ಇಲ್ಲವೋ ಎಂದು ನೋಡದೆ, "ನನ್ನ ಮಗಳಿಗೆ ಸೊಕ್ಕೂ ಇಲ್ಲ, ಬುದ್ಧಿಯೂ ಕಮ್ಮಿ ಇಲ್ಲ. ಇಲ್ದೆ ಇರುದು ಎಂತ ಅಂತ ಇವ್ರು ಬರ್ದಿದ್ದಾರೆ. ಓದ್ಲಿಕ್ಕೆ ನಿಮ್ಗೆ ಪುರುಸೊತ್ತಿಲ್ಲ" ಎಂದರು.

ಪ್ರಣತಿ ಈಗ ಏನಾಗಿದ್ದಾಳೆ ಎಂದು ಕೇಳುತ್ತೀರಿ, ಇಲ್ಲೇ ಹೇಳಿಬಿಡುತ್ತೇನೆ. ಊರಿಗೂ ಕಳಿಸಲಿಲ್ಲ, ಗಂಡನ್ನೂ ನೋಡಲಿಲ್ಲ. ಅಂಚೆ ಮೂಲಕ ಓದಿಸುತ್ತಿದ್ದಾರೆ, ನಿಧಾನವಾಗಿ ಸಾಗುತ್ತಿದೆ, ಒಂದೊಂದು ಪರೀಕ್ಷೆಯೂ ಒಂದು ಯುದ್ಧ. ಮನೆಯಲ್ಲಿ ಸರದಿಯ ಮೇಲೆ ಯಾರಾದರೂ ಪಕ್ಕದಲ್ಲಿ ಕೂರುತ್ತಾರೆ. ಚೀಫ್ ನಿವೃತ್ತರಾದರು. ಆ ಕೋಣೆಯಲ್ಲಿ ಈಗ ಒಂದು ಟ್ಯಾಬ್ಲೆಟ್ ಇದೆ. ಮಗು ಬೆರಳಲ್ಲಿ ಒತ್ತುತ್ತಾ ಹೋದರೆ ಅದೇ ನಂಬರ್ ಹಾಕಿ, ಅದೇ ವರದಿ ಬರೆದು ಕೊಡುತ್ತದೆ. ಅದು ಸಂತೆಗೆ ಹೋಗುವುದಿಲ್ಲ. ನೀವು ಹೋಗಿ. ಬೇಕಾದರೆ ನಿಮ್ಮ ಸಹಿ ಮಾತ್ರ ಹಾಕಿ, ಆದರೆ ಹೋಗಿ.

ಆ ದಿನ ಟಿ.ಸಿ.ಗೆ ನಾವು ಹೆಚ್ಚು ಕಾಯಬೇಕಾಗಲಿಲ್ಲ. ಅಡ್ಮಿಷನ್ನಿಗೆ ಜನರನ್ನು ತಿಂಗಳುಗಟ್ಟಲೆ ಅಲೆಸುವ ಆಫೀಸು, ನಾವು ವರಾಂಡದಲ್ಲಿ ನಿಂತಿರುವಾಗಲೇ ಬರೆದು ಮುಗಿಸಿತು. ನಡತೆ ಎಂಬಲ್ಲಿ 'ತೃಪ್ತಿಕರವಲ್ಲ' ಎಂದು ತುಂಬಿಸಿ ಮೇಲೆ ಸೀಲು ಒತ್ತಿದ್ದರು. ತಲೆಯ ಗಾಯಕ್ಕೆ ನಡತೆ ಎಂದು ಹೆಸರಿಟ್ಟಿದ್ದರು. ಪ್ರಾಂಶುಪಾಲರು ಬಾಗಿಲಿಗೆ ಬಂದು, ನಮ್ಮಿಬ್ಬರ ಮುಖ ನೋಡಲಾಗದೆಯೋ ಏನೋ, ಅದನ್ನು ನೇರವಾಗಿ ಹುಡುಗಿಯ ಕಡೆ ಚಾಚಿದರು. ಪ್ರಣತಿ ಎರಡೂ ಕೈಯಲ್ಲಿ ಇಸಿದುಕೊಂಡು, ತಲೆ ಬಗ್ಗಿಸಿ, "ಥ್ಯಾಂಕ್ಯೂ ಮೇಡಂ" ಎಂದಳು.